ಹೈದರಾಲಿಯ ಚೇಲಾ ಪಡೆಗಳು

ಸೈನ್ಯಕ್ಕೆ ಹೊಸದಾಗಿ ಸೇರಿದ ತರುಣನು ಕವಾಯತು ಮುಗಿಯುವ ಮುನ್ನವೇ ಈ ವೃತ್ತಿಯು ತನಗೆ ಸಲ್ಲದೆಂದು ಕಂಡುಕೊಂಡಲ್ಲಿ, ಅವನನ್ನು ಮನೆಗೆ ಕಳುಹಿಸಬೇಕೆ, ಇಲ್ಲವೆ ಕಟ್ಟಿ ಇರಿಸಿಕೊಳ್ಳಬೇಕೆ? 2022ರಲ್ಲಿ ಅಗ್ನಿಪಥ ಯೋಜನೆಯು ಜಾರಿಗೆ ಬಂದಂದಿನಿಂದ ಈ ಪ್ರಶ್ನೆಯು ನಮ್ಮ ನಾಡಿನ ಅನೇಕ ಮನೆಗಳ ಬಾಗಿಲಿಗೆ ಬಂದಿದೆ. ನಾಲ್ಕು ವರ್ಷಗಳ ಅವಧಿಯು ತುಂಬುವ ಮೊದಲು ಸ್ವಂತ ಕೋರಿಕೆಯ ಮೇಲೆ ಬಿಟ್ಟುಹೋಗಲು, ಅತ್ಯಂತ ವಿಶೇಷ ಸಂದರ್ಭಗಳಲ್ಲಿ ಹೊರತು, ಅಗ್ನಿವೀರನಿಗೆ ಅವಕಾಶವಿಲ್ಲ. ಮಳೆಯನ್ನೇ ನೆಚ್ಚಿದ ಶಿರಾ ಸೀಮೆಯ ತಾವರೆಕೆರೆಯಂತಹ ಊರಿನ ತರುಣನಿಗೆ ಸರಕಾರದ ಸಂಬಳವು ಸಣ್ಣ ಆಸೆಯಲ್ಲ. ಆ ಆಸೆಯಿಂದ ಹಾಕಿದ ರುಜುವು ಅವನನ್ನು ಎಷ್ಟರಮಟ್ಟಿಗೆ ಕಟ್ಟಬೇಕೆಂಬುದು ವಿಚಾರಾರ್ಹವಾದುದು. ತಾವರೆಕೆರೆಯ ಮೇಲೆ ಹಾಯುವ ಹೆದ್ದಾರಿಯ ಒಂದು ಕಡೆಗೆ ಶಿರಾ ಇದೆ, ಇನ್ನೊಂದು ಕಡೆಗೆ ಹಿರಿಯೂರನ್ನು ದಾಟಿದರೆ ಚಿತ್ರದುರ್ಗವಿದೆ. ಈ ಎರಡು ಸ್ಥಳಗಳನ್ನೂ ಗೆದ್ದು ಆಳಿದ ಹೈದರಾಲಿಯ ಜೀವಿತವು ಈ ಪ್ರಶ್ನೆಗೆ ತಕ್ಕಷ್ಟು ಬೆಳಕನ್ನು ಕೊಡುವುದೆಂದು ನಾವು ಭಾವಿಸುತ್ತೇವೆ.

ಶಿರಾದ ನವಾಬನ ಸೇವೆಯಲ್ಲಿದ್ದ ಫತೇ ಮಹಮ್ಮದನ ಮಗನಾಗಿ ಹೈದರನು 1720ರ ಸುಮಾರಿನಲ್ಲಿ ಬೂದಿಕೋಟೆಯಲ್ಲಿ ಜನಿಸಿದನು. ತಂದೆಯು ಯುದ್ಧದಲ್ಲಿ ಮಡಿದ ಮೇಲೆ, ಬಾಕಿ ಹಣದ ನೆಪದಿಂದ ಅಬ್ಬಾಸ್ ಕುಲಿ ಖಾನನು ದೊಡ್ಡಬಳ್ಳಾಪುರದಲ್ಲಿ ಆ ಕುಟುಂಬವನ್ನು ಸೆರೆಯಲ್ಲಿಟ್ಟು, ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ಎಳೆಯ ವಯಸ್ಸಿನಲ್ಲಿಯೇ ಪೀಡಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅಣ್ಣತಮ್ಮಂದಿರು ಮುಂದೆ ಮೈಸೂರಿನ ದಂಡನ್ನು ಸೇರಿದರು. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೈದರನು ಹೆಸರು ಪಡೆದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ಫ್ರೆಂಚರ ನೆರವಿನಿಂದ ತೋಪಖಾನೆಯನ್ನು ಕಟ್ಟಿದನು. 1761ರಲ್ಲಿ ಶ್ರೀರಂಗಪಟ್ಟಣದ ಅಧಿಕಾರವು ಅವನ ಕೈಸೇರಿತು. ಅದೇ ವರ್ಷ ಬಸಾಲತ್ ಜಂಗನಿಂದ ಅವನು ಶಿರಾದ ನವಾಬನೆಂಬ ಬಿರುದನ್ನು ಪಡೆದನು. ತಂದೆಯು ಊಳಿಗ ಮಾಡಿದ ಗಾದಿಯ ಹೆಸರೇ ಮಗನ ಬಿರುದಾಯಿತು.

ಅವನ ಬಲದ ಮೂಲವು ಸಂಬಳಕ್ಕೆ ಸೇರಿದ ಸಿಪಾಯಿಗಳಲ್ಲಿ ಇದ್ದಿತು. 1769ರಲ್ಲಿ ಮದರಾಸಿನ ಬಾಗಿಲಿಗೆ ಹೋಗಿ ಕಂಪನಿಯವರಿಂದ ಒಪ್ಪಂದವನ್ನು ಬರೆಯಿಸಿಕೊಂಡ ಸೈನ್ಯವೂ, 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ನಾಶಗೊಳಿಸಿದ ಸೈನ್ಯವೂ ಆಸೆಯಿಂದಲೂ ಅಭಿಮಾನದಿಂದಲೂ ಕಟ್ಟಲ್ಪಟ್ಟಿದ್ದುವು.

ಆದರೆ ಅವನ ಸೈನ್ಯದಲ್ಲಿ ಇನ್ನೊಂದು ಬಗೆಯ ಪಡೆಯೂ ಇದ್ದಿತು. 1779ರಲ್ಲಿ ಚಿತ್ರದುರ್ಗವು ಬಿದ್ದು ಮದಕರಿನಾಯಕನು ಸೆರೆಯಾದಾಗ, ದುರ್ಗದ ಬೇಡರ ಕುಟುಂಬಗಳನ್ನು ಸಹಸ್ರಗಟ್ಟಲೆಯಾಗಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತು. ಅವರ ಹುಡುಗರನ್ನು ಬೇರ್ಪಡಿಸಿ, ಮತವನ್ನು ಬದಲಾಯಿಸಿ, ಕವಾಯತು ಕಲಿಸಿ ಚೇಲಾ ಪಡೆಗಳನ್ನು ರಚಿಸಲಾಯಿತು. ಈ ಹುಡುಗರು ಸೇರಿದವರಲ್ಲ, ಸೇರಿಸಲ್ಪಟ್ಟವರು. ಬಿಟ್ಟುಹೋಗುವ ಮಾತೇ ಅವರಿಗೆ ಇರಲಿಲ್ಲ. ಬಾಲ್ಯದಲ್ಲಿ ಸೆರೆಯ ಕಷ್ಟವನ್ನುಂಡವನೇ ಬಾಲಕರ ಸೆರೆಯಿಂದ ಸೈನ್ಯವನ್ನು ಕಟ್ಟಿದುದು ವಿಷಾದಕರವಾದ ಸಂಗತಿಯಾಗಿದೆ. ಇದು ಹೈದರನೊಬ್ಬನ ದೋಷವೆಂದು ಹೇಳುವುದು ನ್ಯಾಯವಲ್ಲ. ಅದೇ ಶತಮಾನದಲ್ಲಿ ಇಂಗ್ಲೆಂಡು ಸಹ ಬಂದರುಗಳಲ್ಲಿ ಜನರನ್ನು ಬಲಾತ್ಕಾರದಿಂದ ಹಿಡಿದು ತನ್ನ ಯುದ್ಧನೌಕೆಗಳಿಗೆ ತುಂಬುತ್ತಿದ್ದಿತು.

ಇದರ ಫಲವೇನಾಯಿತು? ಮಲಬಾರಿನಿಂದ ಬಾಲಕನಾಗಿ ಹಿಡಿದು ತರಲ್ಪಟ್ಟು ಚೇಲಾನಾದ ಶೇಖ್ ಅಯಾಜನು ಹೈದರನಿಗೆ ಅತ್ಯಂತ ಪ್ರಿಯನಾದನು. ದುರ್ಗದ ಅಧಿಕಾರವನ್ನು ಕೊಟ್ಟಾಗ ಅವನು ತನಗೆ ಓದುಬರಹ ಬಾರದೆಂದು ಹೇಳಿ ಬಿಡುಗಡೆಯನ್ನು ಬೇಡಿದನೆಂದೂ, ಸ್ವತಃ ಅಕ್ಷರವನ್ನರಿಯದ ಹೈದರನು ಅದಕ್ಕೊಪ್ಪಲಿಲ್ಲವೆಂದೂ ವಿಲ್ಕ್ಸನು ತಿಳಿಸುತ್ತಾನೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರನು ತೀರಿಕೊಂಡನು. ಮರುತಿಂಗಳಲ್ಲಿಯೇ ಅಯಾಜನು, ಟೀಪುವಿನ ಭಯದಿಂದ, ತನ್ನ ವಶದಲ್ಲಿದ್ದ ಬಿದನೂರನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿಬಿಟ್ಟನು. ಅವನ ನಿಷ್ಠೆಯು ಒಡೆಯನೊಬ್ಬನ ಕೃಪೆಯನ್ನು ಅವಲಂಬಿಸಿದ್ದಿತು; ಒಡೆಯನು ಹೋದೊಡನೆ ಅದೂ ಹೋಯಿತು. ತಂದೆಯ ಪದ್ಧತಿಯನ್ನು ಟೀಪುವು ಇನ್ನೂ ವಿಸ್ತರಿಸಿದನು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಬಿದ್ದ ರಾತ್ರಿಯ ಗೊಂದಲದಲ್ಲಿ, ಬಲವಂತದಿಂದ ಪಡೆಗೆ ಸೇರಿಸಿದ್ದ ಕೊಡಗರು ಸಾವಿರ ಸಾವಿರವಾಗಿ ತಮ್ಮ ಕಾಡುಗಳ ದಾರಿ ಹಿಡಿದರು. ರಾಜ್ಯಕ್ಕೆ ಸಿಪಾಯಿಗಳು ಅತ್ಯಗತ್ಯವಾಗಿ ಬೇಕಾಗಿದ್ದ ಗಳಿಗೆಯಲ್ಲಿಯೇ ಅವರು ಇಲ್ಲವಾದರು.

ಇಂದಿನ ಅಗ್ನಿವೀರನನ್ನು ಅಂದಿನ ಚೇಲಾನೊಡನೆ ಸಮನೆಂದು ನಾವು ಹೇಳುವುದಿಲ್ಲ. ಇವನು ತಾನಾಗಿ ಅರ್ಜಿ ಹಾಕಿದವನು. ಇವನಿಗೆ ಸಂಬಳವುಂಟು, ಕಾನೂನಿನ ರಕ್ಷಣೆಯುಂಟು. ಮೊದಲ ವಾರಗಳಲ್ಲಿ ಮನೆಯ ನೆನಪಿನಿಂದ ಕಂಗೆಡದ ಹುಡುಗನೇ ಇಲ್ಲ. ಕೇಳಿದವರನ್ನೆಲ್ಲಾ ಕೂಡಲೇ ಬಿಟ್ಟರೆ ನಾಳೆ ಒಳ್ಳೆಯ ಸಿಪಾಯಿಯಾಗತಕ್ಕವನೂ ಹೋಗಿಬಿಡುವನು, ಸರಕಾರದ ವೆಚ್ಚವೂ ವ್ಯರ್ಥವಾಗುವುದು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರವು ಕೆಲವು ವಾರಗಳ ವಿಳಂಬವೇ ಹೊರತು ಬಾಗಿಲಿಗೆ ಬೀಗವಲ್ಲ. ಅರ್ಜಿ ಕೊಟ್ಟವನನ್ನು ಒಂದು ತಿಂಗಳು ಕಾಯಿಸಲಿ, ಹಿರಿಯ ಅಧಿಕಾರಿಗಳು ಕರೆದು ಬುದ್ಧಿ ಹೇಳಲಿ. ಆಮೇಲೂ ಅದೇ ಮಾತನ್ನು ಹೇಳಿದರೆ ಕಳಂಕವಿಲ್ಲದೆ ಕಳುಹಿಸಲಿ. ಬ್ರಿಟಿಷ್ ಸೈನ್ಯದಲ್ಲಿಯೂ ಮೊದಲ ಕೆಲವು ತಿಂಗಳಲ್ಲಿ ಹೊಸಬನಿಗೆ ಇಂತಹ ಹಕ್ಕು ಇದೆ. ನಮ್ಮ 1954ರ ಸೇನಾ ನಿಯಮಗಳು ಸಹ ಪ್ರಮಾಣ ಸ್ವೀಕರಿಸದ ಸಿಪಾಯಿಯನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಅಧಿಕಾರಿಗೆ ಕೊಟ್ಟಿವೆ. ಅಧಿಕಾರಿಯ ಕೃಪೆಯಾಗಿರುವುದು ತರುಣನ ಹಕ್ಕಾಗಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಪ್ರಮಾಣ ಮಾಡಿದ ಮೇಲೆ ಈ ಹಕ್ಕು ಸಲ್ಲದು. ಆಗ ಪಕ್ಕದಲ್ಲಿ ನಿಂತವನ ಪ್ರಾಣವು ಇವನನ್ನು ನಂಬಿರುತ್ತದೆ. ಆ ಕಾರಣಕ್ಕಾಗಿಯೇ ಪ್ರಮಾಣದ ದಿನದವರೆಗೆ ಬಾಗಿಲು ತೆರೆದಿರಬೇಕು. ಹೊರಗೆ ಹೋಗುವ ಅವಕಾಶವಿದ್ದೂ ನಿಂತವನ ಮಾತಿಗೆ ರಣರಂಗದಲ್ಲಿ ಬೆಲೆಯುಂಟು. ದಾರಿಯಿಲ್ಲದೆ ನಿಂತವನ ಎಣಿಕೆಯು ಹಾಜರಿ ಪಟ್ಟಿಯನ್ನು ತುಂಬಬಲ್ಲುದೇ ಹೊರತು ಕೋಟೆಯನ್ನು ಕಾಯಲಾರದು. ಬಿದನೂರಿನ ಬಾಗಿಲೂ ಶ್ರೀರಂಗಪಟ್ಟಣದ ಆ ರಾತ್ರಿಯೂ ನಮಗೆ ಕಲಿಸುವ ಪಾಠವಿದು.