ಸೆಪ್ಟಿಮಾ ಕ್ಲಾರ್ಕ್

ಸೆಪ್ಟಿಮಾ ಪಾಯಿನ್ಸೆಟ್ ಕ್ಲಾರ್ಕ್ (ಮೇ 3, 1898 – ಡಿಸೆಂಬರ್ 15, 1987) ಅಮೆರಿಕದ ಶಿಕ್ಷಕಿ ಹಾಗೂ ನಾಗರಿಕ ಹಕ್ಕುಗಳ ಹೋರಾಟಗಾರ್ತಿ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಜನಿಸಿದರು. ಆ ನಗರದ ಸರ್ಕಾರಿ ಶಾಲೆಗಳು ಆಫ್ರಿಕನ್-ಅಮೆರಿಕನ್ ಶಿಕ್ಷಕರನ್ನು ನೇಮಿಸಿಕೊಳ್ಳದಿದ್ದುದರಿಂದ 1916ರಲ್ಲಿ ಸಮೀಪದ ಜಾನ್ಸ್ ದ್ವೀಪದಲ್ಲಿ ಅಧ್ಯಾಪನ ಆರಂಭಿಸಿದರು.

ನಾಗರಿಕ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯರು ಸರ್ಕಾರಿ ನೌಕರಿಯಲ್ಲಿರುವುದನ್ನು ದಕ್ಷಿಣ ಕೆರೊಲಿನಾ ರಾಜ್ಯವು 1956ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಶಿಕ್ಷಕರ ಸದಸ್ಯತ್ವವನ್ನೂ ವಿಚಾರಿಸಲಾಯಿತು. ಕ್ಲಾರ್ಕ್ ತಮ್ಮ ಸದಸ್ಯತ್ವವನ್ನು ಮುಚ್ಚಿಡಲಿಲ್ಲ, ತ್ಯಜಿಸಲೂ ಒಪ್ಪಲಿಲ್ಲ. ಸುಮಾರು ನಾಲ್ಕು ದಶಕಗಳ ಸೇವೆಯ ನಂತರ ಉದ್ಯೋಗವನ್ನೂ ಪಿಂಚಣಿಯನ್ನೂ ಕಳೆದುಕೊಂಡರು.

ಬಳಿಕ ಟೆನೆಸೀಯ ಹೈಲ್ಯಾಂಡರ್ ಶಾಲೆಯನ್ನು ಸೇರಿ, 1957ರಲ್ಲಿ ಸಂಗಡಿಗರೊಂದಿಗೆ ಜಾನ್ಸ್ ದ್ವೀಪದಲ್ಲಿಯೇ ಮೊದಲ ಪೌರತ್ವ ಶಾಲೆಯನ್ನು ಸ್ಥಾಪಿಸಿದರು. ಮತದಾರರಾಗಿ ನೋಂದಾಯಿಸಿಕೊಳ್ಳಲು ಸಾಕ್ಷರತಾ ಪರೀಕ್ಷೆ ಅಡ್ಡಿಯಾಗಿದ್ದ ಆ ಕಾಲದಲ್ಲಿ ಇಂತಹ ಶಾಲೆಗಳು ವಯಸ್ಕರಿಗೆ ಓದುಬರಹ ಕಲಿಸಿದವು. ರಾಜ್ಯವು 1976ರಲ್ಲಿ ಅವರ ವಜಾ ಅನ್ಯಾಯವೆಂದು ಒಪ್ಪಿ ಪಿಂಚಣಿಯನ್ನು ಮರಳಿ ನೀಡಿತು.