ಬೋಳುಗುಡ್ಡದ ಮೇಲೆ ಊರು ಕಟ್ಟಿದ ಡಾಕ್ಟರು

ಮಕ್ಕಳೇ, ಉಡುಪಿಯ ಅಜ್ಜರಕಾಡು ಜಿಲ್ಲಾ ಕ್ರೀಡಾಂಗಣವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅಲ್ಲಿ ರಬ್ಬರಿನಂತೆ ಮೆತ್ತಗಿರುವ ಸಿಂಥೆಟಿಕ್ ಓಟದ ಪಥವಿದೆ. ಒಂದು ಸುತ್ತು ಓಡಿದರೆ 400 ಮೀಟರ್. ಇಂಥ ಕ್ರೀಡಾಂಗಣ ಕಟ್ಟಲು ನಿಮಗೇ ಹೇಳಿದರೆ ಮೊದಲು ಯಾವ ಕೆಲಸ ಮಾಡುತ್ತೀರಿ?

ಓಟದ ಪಥ ಹಾಸುತ್ತೇವೆ ಎನ್ನಬೇಡಿ! ಮೊದಲು ನೆಲ ಸಮತಟ್ಟಾಗಬೇಕು. ಆಮೇಲೆ ಮಳೆನೀರು ಹರಿದುಹೋಗಲು ಚರಂಡಿ. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು. ಸಿಂಥೆಟಿಕ್ ಪದರ ಬರುವುದು ಎಲ್ಲಕ್ಕಿಂತ ಕೊನೆಗೆ. ಅದನ್ನು ಹಾಕುವಾಗ ನೆಲ ಒದ್ದೆಯಾಗಿರಬಾರದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಚರಂಡಿಯ ಕೆಲಸ ಒಂದು ತಿಂಗಳು ತಡವಾಗಿ, ಅಷ್ಟರಲ್ಲಿ ಮಳೆ ಹಿಡಿಯಿತೆಂದುಕೊಳ್ಳಿ. ಪಥದ ಕೆಲಸ ನಾಲ್ಕು ತಿಂಗಳು ಮುಂದಕ್ಕೆ ಹೋಗುತ್ತದೆ!

ಯಾವ ಕೆಲಸ ಮೊದಲು, ಯಾವುದು ನಂತರ, ಯಾವ ವಸ್ತು ಯಾವಾಗ ಬೇಕು, ಹಣ ಎಲ್ಲಿಂದ ಬರಬೇಕು ಎಂದು ಮುಂಚಿತವಾಗಿ ಲೆಕ್ಕ ಹಾಕಿ ನಡೆಸುವುದಕ್ಕೆ ಯೋಜನಾ ನಿರ್ವಹಣೆ ಎಂದು ಹೆಸರು. ಎಂಜಿನಿಯರ್ ಅಲ್ಲದ ಒಬ್ಬ ವೈದ್ಯರು ಇಂಥ ಲೆಕ್ಕಾಚಾರದಿಂದಲೇ ಒಂದು ಬೋಳುಗುಡ್ಡವನ್ನು ವಿದ್ಯೆಯ ಊರನ್ನಾಗಿ ಮಾಡಿದರು. ಅವರೇ ಮಣಿಪಾಲದ ಡಾ. ಟಿ.ಎಂ.ಎ. ಪೈ. ಅವರ ಕಥೆಯನ್ನು ಈಗ ತಿಳಿಯೋಣ.

ತೋನ್ಸೆ ಮಾಧವ ಅನಂತ ಪೈ ಅವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಓದಿದರು. ಡಾಕ್ಟರಾಗಿ ಊರಿಗೆ ಮರಳಿ ಉಡುಪಿಯಲ್ಲಿ ರೋಗಿಗಳನ್ನು ನೋಡತೊಡಗಿದರು. ಆ ದಿನಗಳಲ್ಲಿ ನಮ್ಮ ಕರಾವಳಿಯ ಕೈಮಗ್ಗದ ನೇಕಾರರು ಬಹಳ ಕಷ್ಟದಲ್ಲಿದ್ದರು. ನೂಲು ಕೊಳ್ಳಲೂ ಕೈಯಲ್ಲಿ ಹಣವಿರಲಿಲ್ಲ. ಬಡತನವಿದ್ದಲ್ಲಿ ಬರೀ ಔಷಧ ಕೊಟ್ಟರೆ ಸಾಕೇ? ಸಾಲದಲ್ಲವೇ?

1925ರಲ್ಲಿ ಅವರು, ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಅದರ ಬಂಡವಾಳ ಕೇವಲ 8,000 ರೂಪಾಯಿ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆಯಿತು. 1969ರಲ್ಲಿ ರಾಷ್ಟ್ರೀಕರಣವಾದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

1928ರಲ್ಲಿ ಈ ಬ್ಯಾಂಕು ಹೊಸದೊಂದು ಉಪಾಯ ಮಾಡಿತು. ಬ್ಯಾಂಕಿನ ಪರವಾಗಿ ಒಬ್ಬರು ಪ್ರತಿದಿನ ಜನರ ಮನೆಬಾಗಿಲಿಗೆ, ಅಂಗಡಿಗೆ ಹೋಗಿ ಎರಡೇ ಎರಡು ಆಣೆ ಸಂಗ್ರಹಿಸುವುದು! ಇದೇ ಪಿಗ್ಮಿ ಠೇವಣಿ. ಎರಡು ಆಣೆಯಿಂದ ಏನಾದೀತು ಅಂತೀರಾ? ಲೆಕ್ಕ ಮಾಡಿ ನೋಡಿ. ಆಗ 16 ಆಣೆಗೆ ಒಂದು ರೂಪಾಯಿ. ದಿನಕ್ಕೆ 2 ಆಣೆಯಂತೆ 365 ದಿನಕ್ಕೆ 730 ಆಣೆ. ಅಂದರೆ 45 ರೂಪಾಯಿ 10 ಆಣೆ. ಒಂದು ಸಾವಿರ ಮನೆಯವರು ಹೀಗೆ ಉಳಿಸಿದರೆ ವರ್ಷಕ್ಕೆ 45,625 ರೂಪಾಯಿ! ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ನಿಜವಾಯಿತು. ಎಷ್ಟೇ ದೊಡ್ಡ ಕೆಲಸವಾದರೂ ಸಣ್ಣ ಸಣ್ಣ ಭಾಗ ಮಾಡಿಕೊಂಡರೆ ಸಾಧ್ಯ ಎಂಬುದು ಇದರ ಪಾಠ.

ಉಡುಪಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ ಮುರಕಲ್ಲಿನ ಗುಡ್ಡವೊಂದಿತ್ತು. ಅದೇ ಮಣಿಪಾಲ. ಅಲ್ಲಿನ ಮಣ್ಣಪಳ್ಳ ಎಂಬ ಕೆರೆಯಿಂದ ಆ ಹೆಸರು ಬಂತು ಎನ್ನುತ್ತಾರೆ. ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಮಳೆನೀರು ಅದರ ಮೂಲಕ ಕೆಳಕ್ಕೆ ಇಳಿದುಹೋಗುತ್ತದೆ. ಆದ್ದರಿಂದ ಇಂಥ ಗುಡ್ಡಗಳ ನೆತ್ತಿ ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ. ಆದರೆ ಅದೇ ಕಲ್ಲಿಗೆ ಒಂದು ಒಳ್ಳೆಯ ಗುಣವೂ ಇದೆ. ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುತ್ತದೆ. ಕರಾವಳಿಯ ಮನೆಗಳ ಗೋಡೆಗಳಲ್ಲಿ ನೀವು ಅದನ್ನು ಕಂಡಿದ್ದೀರಿ.

ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಸಂಸ್ಥೆ ಆರಂಭಿಸಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ತಲೆಯೆತ್ತಿತು. ಆಮೇಲೆ ಅವರು ಇನ್ನೂ ಕಷ್ಟದ ಕೆಲಸಕ್ಕೆ ಕೈಹಾಕಿದರು. ಅದೇ ವೈದ್ಯಕೀಯ ಕಾಲೇಜು.

ವೈದ್ಯಕೀಯ ಕಾಲೇಜೆಂದರೆ ದೊಡ್ಡ ಆಸ್ಪತ್ರೆ ಬೇಕೇ ಬೇಕು. ರೋಗಿಗಳಿಲ್ಲದೆ ವೈದ್ಯ ವಿದ್ಯೆ ಕಲಿಯಲಾಗದು. ಆದರೆ ಮಣಿಪಾಲದ ಗುಡ್ಡದಲ್ಲಿ ಅಂಥ ಆಸ್ಪತ್ರೆ ಎಲ್ಲಿತ್ತು? ಆಸ್ಪತ್ರೆ ಕಟ್ಟಿಯೇ ಕಾಲೇಜು ತೆರೆಯುತ್ತೇವೆ ಎಂದಿದ್ದರೆ ಎಷ್ಟೋ ವರ್ಷ ಕಾಯಬೇಕಿತ್ತು.

ಇಲ್ಲಿಯೇ ಯೋಜನೆಯ ಜಾಣ್ಮೆ ಇರುವುದು. ವೈದ್ಯ ವಿದ್ಯಾರ್ಥಿಗಳು ಆರಂಭದಲ್ಲಿ ಕಲಿಯುವುದು ದೇಹದ ರಚನೆ, ಅಂಗಗಳ ಕೆಲಸ ಮುಂತಾದ ಪಾಠಗಳನ್ನು. ಅದಕ್ಕೆ ತರಗತಿ, ಪ್ರಯೋಗಶಾಲೆ ಸಾಕು. ಆಸ್ಪತ್ರೆ ಬೇಕಾಗುವುದು ನಂತರದ ವರ್ಷಗಳಲ್ಲಿ. ಹಾಗಾಗಿ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಶುರುವಾಯಿತು. 1955ರಲ್ಲಿ ಮಂಗಳೂರಿನಲ್ಲಿ ಅದರ ಇನ್ನೊಂದು ಭಾಗ ಆರಂಭವಾಯಿತು. ವಿದ್ಯಾರ್ಥಿಗಳು ಅಲ್ಲಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿತರು. ಮಣಿಪಾಲದಲ್ಲಿ ಕಸ್ತೂರಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ. ಕಾಲೇಜು ಮೊದಲು, ಸ್ವಂತ ಆಸ್ಪತ್ರೆ ಎಂಟು ವರ್ಷದ ನಂತರ! ಕೆಲಸ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ಹಣದ ಪ್ರಶ್ನೆಯೂ ಇತ್ತು. ಇದು ಸರ್ಕಾರದ ಕಾಲೇಜಲ್ಲ. ವಿದ್ಯಾರ್ಥಿಗಳ ಮನೆಯವರು ಕೊಡುವ ಹಣದಿಂದಲೇ ಇದು ನಡೆಯಬೇಕಿತ್ತು. ಭಾರತದಲ್ಲಿ ಈ ರೀತಿಯ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಇದೇ ಮೊದಲನೆಯದು. ಹೀಗೆ ದುಡ್ಡು ಕೊಟ್ಟು ಓದುವುದಾದರೆ ಬಡವರ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಸರ್ಕಾರದ ಬಳಿ ಹಣವಿಲ್ಲದಾಗ ಕಾಲೇಜು ಕಟ್ಟುವವರು ಯಾರು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ನೀವು ದೊಡ್ಡವರಾದ ಮೇಲೆ ಇವೆರಡನ್ನೂ ಯೋಚಿಸಬೇಕು.

1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು ಆರಂಭವಾಯಿತು. ಒಂದು ಕೆಲಸ ನೆಲೆಗೆ ನಿಂತ ಮೇಲೆ ಇನ್ನೊಂದು ಹೀಗೆ ಬೆಳೆಯುತ್ತಾ ಹೋಯಿತು. 1972ರಲ್ಲಿ ಭಾರತ ಸರ್ಕಾರ ಪೈ ಅವರಿಗೆ ಪದ್ಮಶ್ರೀ ನೀಡಿತು. 1979ರ ಮೇ 29ರಂದು ಅವರು ತೀರಿಕೊಂಡರು. ಇಂದು ಕಾಪುವಿನಿಂದಲೋ ಕಾರ್ಕಳದಿಂದಲೋ ಬಸ್ಸು ಹತ್ತಿ ಮಣಿಪಾಲದಲ್ಲಿ ಇಳಿದರೆ ಎಲ್ಲೆಲ್ಲೂ ಎತ್ತರದ ಕಟ್ಟಡ, ದೂರದ ದೇಶಗಳ ವಿದ್ಯಾರ್ಥಿಗಳು. ಇದು ಒಂದು ಕಾಲದ ಬೋಳುಗುಡ್ಡ ಎಂದರೆ ನಂಬುವುದೇ ಕಷ್ಟ!

ಈಗ ನಿಮ್ಮ ಸರದಿ. ಶಾಲೆಯ ಆಟದ ಬಯಲಿನಲ್ಲಿ ಒಂದು ಖೋ-ಖೋ ಅಂಕಣ ಮಾಡಬೇಕು ಎಂದುಕೊಳ್ಳಿ. ಕಲ್ಲು ಹೆಕ್ಕುವುದು, ನೆಲ ಸಮ ಮಾಡುವುದು, ನೀರು ಹೋಗಲು ದಾರಿ, ಅಳತೆ, ಕಂಬ ನೆಡುವುದು, ಸುಣ್ಣದ ಗೆರೆ ಇವೆಲ್ಲವನ್ನೂ ಒಂದರ ಕೆಳಗೊಂದು ಬರೆಯಿರಿ. ಎದುರಿಗೆ ದಿನಗಳ ಚೌಕ ಹಾಕಿ. ಯಾವ ಕೆಲಸ ಎಂದು ಶುರುವಾಗಿ ಎಂದು ಮುಗಿಯಬೇಕೋ ಅಷ್ಟು ಚೌಕಗಳಿಗೆ ಬಣ್ಣ ತುಂಬಿ. ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಬಳಕೆಗೆ ತಂದ ಪಟ್ಟಿ ಇದು. ದೊಡ್ಡ ಕ್ರೀಡಾಂಗಣ ಕಟ್ಟುವವರೂ ಇಂಥ ಪಟ್ಟಿಯನ್ನೇ ಬಳಸುತ್ತಾರೆ. ಎರಡು ಕೆಲಸ ಒಟ್ಟಿಗೆ ನಡೆಯಬಹುದೇ? ಯಾವುದು ತಡವಾದರೆ ಎಲ್ಲವೂ ನಿಲ್ಲುತ್ತದೆ? ಗುರುಗಳೊಂದಿಗೆ ಚರ್ಚಿಸಿ, ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿ. ಮಳೆಗಾಲದ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕುವುದನ್ನು ಮರೆಯಬೇಡಿ!