ಕುದುರೆಗೆ ದಾರಿ ಹುಡುಕಿದ ಅರಸ, ಲೆಕ್ಕಕ್ಕೆ ಸಿಗದ ಕಾಲಾಳು

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೆ ನೋಡಬೇಕು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲ ಕಡೆಯಿಂದಲೂ ಬೈಕುಗಳು. ಮಂಜಿನಲ್ಲಿ ಸೆಲ್ಫಿ ತೆಗೆದುಕೊಂಡು ಇಳಿದುಬಿಡ್ತೀವಿ. ನಾನೂ ಎಷ್ಟೋ ಸಲ ಹಾಗೇ ಇಳಿದವನು. ಮೇಲಿರುವ ನೆಹರೂ ನಿಲಯ ಒಂದು ಕಾಲಕ್ಕೆ ಮಾರ್ಕ್ ಕಬ್ಬನ್ ಸಾಹೇಬರ ಬೇಸಿಗೆ ಬಂಗಲೆ ಅಂತ ಗೊತ್ತಾದದ್ದು ತಡವಾಗಿ. 1834ರಿಂದ 1861ರವರೆಗೆ ಮೈಸೂರು ರಾಜ್ಯ ನಡೆಸಿದ್ದು ಕಮಿಷನರ್ ಆಗಿದ್ದ ಇದೇ ಕಬ್ಬನ್. ಹಾಗಾದರೆ ಅಷ್ಟು ವರ್ಷ ಮೈಸೂರಿನ ರಾಜರು ಏನು ಮಾಡ್ತಿದ್ರು?

ಚದುರಂಗದ ಲೆಕ್ಕ ಬಿಡಿಸ್ತಿದ್ರು. ತಮಾಷೆಗೆ ಹೇಳ್ತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಈ ನಾಡು ಕಂಡ ಬಹುದೊಡ್ಡ ಆಟದ ತಲೆಗಳಲ್ಲಿ ಒಬ್ಬರು.

ಇಂಜಿನಿಯರಿಂಗ್ ಓದುವಾಗ ನಮಗೊಂದು ಪ್ರೋಗ್ರಾಂ ಬರೆಯಲು ಕೊಡ್ತಿದ್ರು. ಚದುರಂಗದ 64 ಮನೆಗಳಿಗೂ ಕುದುರೆ ಒಂದೊಂದೇ ಸಲ ಹೋಗಿ ಬರಬೇಕು. ನನ್ನ ಕೋಡು ರಾತ್ರಿಯೆಲ್ಲ ಓಡಿ ಸುಸ್ತಾಗಿತ್ತು. ಮುಮ್ಮಡಿಯವರು ಇಂಥ ನಡೆಗಳನ್ನು ಅರಮನೆಯಲ್ಲಿ ಕೂತು ರಾಶಿ ರಾಶಿ ರಚಿಸಿದರು. ಅದರಲ್ಲೊಂದು ಇನ್ನೂ ಕಠಿಣ. ಕುದುರೆ ಹೋದ ಕ್ರಮದಲ್ಲೇ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಕೂಡಿದಾಗ 260 ಬರುತ್ತದೆ. ಎರಡು ಮೂಲೆಗೆರೆಗಳೂ 260 ಆಗುವಂಥ ನಡೆ ಸಾಧ್ಯವೇ ಇಲ್ಲ ಅನ್ನೋದು ಖಾತ್ರಿಯಾಗಲು 2003ರ ಕಂಪ್ಯೂಟರುಗಳೇ ಬೇಕಾದವು.

ಇಷ್ಟು ಬುದ್ಧಿಯಿದ್ದ ಮನುಷ್ಯನ ಕೈಯಿಂದ ರಾಜ್ಯ ಹೋದದ್ದು ಹೇಗೆ?

ಅವರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಕಂಪನಿಯವರು ಐದು ವರ್ಷದ ಈ ಮಗುವನ್ನು ಗದ್ದುಗೆಯಲ್ಲಿ ಕೂರಿಸಿದರು. ಅದಕ್ಕೊಂದು ಬೆಲೆಯಿತ್ತು: ವರ್ಷಕ್ಕೆ 7 ಲಕ್ಷ ವರಹ ಕಪ್ಪ. ದಿವಾನ್ ಪೂರ್ಣಯ್ಯ ಲೆಕ್ಕ ಬಿಗಿಯಾಗಿ ಇಟ್ಟರು. 1811ರ ಹೊತ್ತಿಗೆ ಆಡಳಿತ ರಾಜರ ಕೈಗೆ ಬಂತು. ದಾನ, ದರಬಾರು, ಕಲಾವಿದರ ಪೋಷಣೆ, ಎಲ್ಲದರಲ್ಲೂ ಧಾರಾಳ ಕೈ. ಕಪ್ಪ ಮಾತ್ರ ಒಂದು ವರಹವೂ ಇಳಿಯಲಿಲ್ಲ. ಕಂದಾಯ ವಸೂಲಿ ಗುತ್ತಿಗೆ ಹಿಡಿದವರ ಪಾಲಾಯಿತು. ಹಿಂಡಿದ್ದು ರೈತನನ್ನೇ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡಲ್ಲ ಅಂದ್ರು. ಸೈನ್ಯ ಬಂತು, ದಂಗೆ ಅಡಗಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ದುರಾಡಳಿತದ ಹೆಸರಲ್ಲಿ ಅಧಿಕಾರ ಕಿತ್ತುಕೊಂಡರು. ರಾಜರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ವರಹ, ನಿವ್ವಳ ಕಂದಾಯದಲ್ಲಿ ಐದನೇ ಒಂದು ಪಾಲು.

ಆಮೇಲಿನ 37 ವರ್ಷ ಅವರು ಪುಸ್ತಕ ಬರೆಸಿದರು, ಶ್ರೀತತ್ತ್ವನಿಧಿಗೆ ಚಿತ್ರ ಬರೆಸಿದರು, ಆಟ ಕಟ್ಟಿದರು. ಜೊತೆಗೆ ರಾಜ್ಯ ಮರಳಿ ಕೊಡಿ ಅಂತ ಮನವಿ ಕಳಿಸ್ತಲೇ ಇದ್ದರು. ಬರೀ ವಿಲಾಸಿ ಅಂತ ಅವರನ್ನು ತಳ್ಳಿಹಾಕುವವರು ಈ ಛಲವನ್ನು ಮರೀತಾರೆ. 1865ರಲ್ಲಿ ದತ್ತು ತೆಗೆದುಕೊಂಡ ಮಗುವಿಗೆ ಹಕ್ಕುಂಟು ಅಂತ ಲಂಡನ್ ಒಪ್ಪಿದ್ದು 1867ರಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಮುಮ್ಮಡಿ ತೀರಿಕೊಂಡರು. ಆ ಮಗು, ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಸಿಕ್ಕಿದ್ದು 1881ರಲ್ಲಿ.

ಮುಮ್ಮಡಿ ಹುಟ್ಟಿದ ಮರುವರ್ಷವೇ ತೀರಿಕೊಂಡ ಫ್ರಾನ್ಸಿನ ಚದುರಂಗ ಗುರು ಫಿಲಿಡೋರ್, 1749ರಲ್ಲಿ ಬರೆದ ಪುಸ್ತಕದಲ್ಲಿ ಆಟವನ್ನು ತೀರ್ಮಾನಿಸೋದು ಕಾಲಾಳುಗಳು ಅಂತ ತೋರಿಸಿಕೊಟ್ಟಿದ್ದರು. ನಗರದಲ್ಲಿ ಆದದ್ದೂ ಅದೇ. ಕಾಲಾಳುಗಳು ಒಂದು ಮನೆ ಮುಂದೆ ಬಂದರು, ರಾಜ ಪಟ್ಟದಿಂದಾಚೆ ಹೋದ. ಆದರೆ ಖಾಲಿಯಾದ ಮನೆಗೆ ಬಂದು ಕೂತದ್ದು ಕಂಪನಿ. ರೈತನ ಹೆಸರಲ್ಲಿ ರಾಜರನ್ನು ಇಳಿಸಿದವರು ರೈತನನ್ನು ಕೇಳಲಿಲ್ಲ. ಕಪ್ಪವನ್ನೂ ಬಿಡಲಿಲ್ಲ.

ಒಳ್ಳೆ ಆಡಳಿತಗಾರ ಯಾರು ಅಂತ ನಾವು ಇವತ್ತಿಗೂ ಜಗಳ ಆಡ್ತೀವಿ. ಆ ಆಡಳಿತದ ಖರ್ಚು ಯಾರ ತಲೆ ಮೇಲೆ ಅಂತ ಕೇಳೋದು ಕಡಿಮೆ. ಮುಂದಿನ ಸಲ ಬೆಟ್ಟ ಹತ್ತಿದಾಗ ಆ ಬಂಗಲೆಯ ಮುಂದೆ ಎರಡು ನಿಮಿಷ ನಿಲ್ಲಿ. ಕೆಳಗಿನ ಹೊಲಗಳು ಅಲ್ಲಿಂದ ಚದುರಂಗದ ಮನೆಗಳ ಹಾಗೇ ಕಾಣ್ತವೆ. ಅಷ್ಟು ಎತ್ತರದಿಂದ ಮನುಷ್ಯರು ಮಾತ್ರ ಕಾಣಲ್ಲ.